ತನ್ನ ದನಿಗೇ ಕತ್ತರಿ ಹಾಕಿದ ಭೂಪ!

ತನ್ನ ಡೈಲಾಗಿಗೆ ತಾನೇ ಕತ್ತರಿ ಹಾಕೋ ಹೀರೋನ ಕಂಡಿದ್ದೀರಾ? ನಾನು ಕಂಡಿಲ್ಲ, ಕೇಳಿದ್ದೇನೆ! ಅಮೆರಿಕದ ಸಂಗೀತಗಾರ ಹೃಷಿಕೇಶ್ ಹಿರ್ವೇ 2014ರಲ್ಲಿ ‘ಸಾಂಗ್ ಎಕ್ಸ್‌ಪ್ಲೋಡರ್’ ಪಾಡ್‌ಕಾಸ್ಟ್ ಶುರುಮಾಡಿದ. ಹಾಡಿದವರೇ ತಮ್ಮ ಹಾಡನ್ನು ಡ್ರಮ್ ಬೇರೆ, ಗಿಟಾರ್ ಬೇರೆ, ಕಂಠ ಬೇರೆ ಅಂತ ಬಿಚ್ಚಿಡ್ತಾರೆ. ಮುನ್ನುಡಿ ಬಿಟ್ಟರೆ ಈತನ ಪ್ರಶ್ನೆಗಳೆಲ್ಲ ಮಾಯ. ಕೊನೆಗೆ ಪೂರ್ತಿ ಹಾಡು ಬಂದಾಗ, ಅಬ್ಬಾ, ಕಿವಿಯೇ ಹೊಸದು!

ಅದೇ ಆಸಾಮಿ 2020ರ ಮಾರ್ಚಿನಲ್ಲಿ, ಕೊರೊನಾಕ್ಕೆ ಊರೆಲ್ಲ ಬಾಗಿಲು ಮುಚ್ಚಿದಾಗ, ಅಡುಗೆ ಲೇಖಕಿ ಸಮೀನ್ ನೊಸ್ರತ್ ಜೊತೆ ‘ಹೋಮ್ ಕುಕಿಂಗ್’ ತೆರೆದ. ನಾಲ್ಕೇ ಕಂತು ಅಂದುಕೊಂಡಿದ್ದು ಬೆಳೆದೇಬಿಟ್ಟಿತು. ಇಲ್ಲಿ ಕತ್ತರಿ ಇಲ್ಲ. ಡಬ್ಬಿಯಲ್ಲಿರೋ ಒಣ ಕಾಳು ಏನ್ಮಾಡ್ಲಿ ಅಂತ ಜನ ಕೇಳೋದು, ಸಮೀನ್ ಹೇಳೋದು, ನಡುವೆ ಈತ ಹಾಳು ಜೋಕು ಹೊಡೆಯೋದು, ಆಕೆ ಬಿದ್ದು ಬಿದ್ದು ನಗೋದು. ಮನೆಯಲ್ಲಿ ಒಂಟಿಯಾಗಿ ಕೂತವರಿಗೆ ರೆಸಿಪಿಗಿಂತ ಆ ನಗು ಬೇಕಿತ್ತು ಗುರೂ!