ಸಜೀವ ಔಷಧದ ಉರಿಯೂ ಅದರ ಶಮನವೂ

ರೋಗವನ್ನು ನೀಗಬೇಕಾದ ಔಷಧವೇ ರೋಗಿಯನ್ನು ಬಾಧಿಸುವುದು ವೈದ್ಯಶಾಸ್ತ್ರಕ್ಕೆ ಹೊಸ ಸಂಗತಿಯಲ್ಲ. ಆದರೆ ಔಷಧವು ಸಜೀವವಾಗಿದ್ದು, ದೇಹವನ್ನು ಹೊಕ್ಕ ಮೇಲೆ ತಾನಾಗಿಯೇ ವೃದ್ಧಿಹೊಂದುವಂಥದಾದರೆ ಅದನ್ನು ಅಂಕೆಯಲ್ಲಿಡುವ ಬಗೆ ಹೇಗೆ? ಕ್ಯಾನ್ಸರಿನ ‘ಕಾರ್-ಟಿ’ ಚಿಕಿತ್ಸೆಯು ಎತ್ತಿರುವ ಪ್ರಶ್ನೆ ಇದು.

ಈ ಚಿಕಿತ್ಸೆಯ ಸ್ವರೂಪವನ್ನು ಮೊದಲು ಸಂಗ್ರಹವಾಗಿ ಹೇಳಬಹುದು. ಟಿ-ಕೋಶಗಳು ರಕ್ತದ ಬಿಳಿಯ ಕಣಗಳಲ್ಲಿ ಒಂದು ಬಗೆ; ಸೋಂಕು ತಗಲಿದ ಜೀವಕೋಶಗಳನ್ನು ಗುರುತಿಸಿ ನಾಶಮಾಡುವುದು ಅವುಗಳ ಕಾರ್ಯ. ರೋಗಿಯ ರಕ್ತದಿಂದ ಅವನ್ನು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಹೊಸದೊಂದು ಜೀನನ್ನು ಅವುಗಳೊಳಕ್ಕೆ ಸೇರಿಸುತ್ತಾರೆ. ಅದರ ಫಲವಾಗಿ ಕೋಶದ ಹೊರಮೈಯಲ್ಲಿ ಕೃತಕ ಗ್ರಾಹಕವೊಂದು ಮೂಡುತ್ತದೆ. ಲ್ಯುಕೀಮಿಯಾದ ಕೆಲವು ಬಗೆಗಳಲ್ಲಿ ರೋಗಗ್ರಸ್ತ ಕೋಶಗಳ ಮೇಲಿರುವ ಸಿಡಿ-19 ಎಂಬ ಪ್ರೋಟೀನನ್ನು ಈ ಗ್ರಾಹಕವು ಹಿಡಿಯುತ್ತದೆ. ಹೀಗೆ ಸಜ್ಜುಗೊಂಡ ಕೋಶಗಳನ್ನು ಬೆಳೆಸಿ ರೋಗಿಯ ರಕ್ತಕ್ಕೆ ಮರಳಿ ಸೇರಿಸಲಾಗುವುದು.

ವೈರಿಯನ್ನು ಕಂಡೊಡನೆ ಈ ಕೋಶಗಳು ಹಲವು ಮಡಿ ಹೆಚ್ಚುತ್ತವೆ. ಅದರೊಡನೆ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳು ರಕ್ತದಲ್ಲಿ ಏರುತ್ತವೆ. ಅವು ಮಿತಿಮೀರಿದರೆ ತೀವ್ರ ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಉಸಿರಾಟಕ್ಕೆ ತೊಡಕಾಗುತ್ತದೆ. ಕೆಲವರಲ್ಲಿ ಮಾತು ತಡವರಿಸಿ, ಎಚ್ಚರ ಮಂಕಾಗುವುದೂ ಉಂಟು. ಗುಣವೂ ಅಪಾಯವೂ ಒಂದೇ ಮೂಲದಿಂದ ಹೊರಡುವಂತೆ ತೋರುವುದರಿಂದ, ಒಂದನ್ನು ತಡೆದರೆ ಇನ್ನೊಂದೂ ನಿಂತೀತೆಂಬ ಶಂಕೆ ಸಹಜವಾಗಿತ್ತು.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ನಡೆದ ಒಂದು ಪ್ರಸಂಗವು ಈ ಶಂಕೆಯನ್ನು ಬಹುಮಟ್ಟಿಗೆ ದೂರಮಾಡಿತು. ಲ್ಯುಕೀಮಿಯಾ ಪೀಡಿತಳಾಗಿ ಈ ಚಿಕಿತ್ಸೆ ಪಡೆದ ಆರು ವರ್ಷದ ಬಾಲಿಕೆಯೊಬ್ಬಳು ಕೆಲವೇ ದಿನಗಳಲ್ಲಿ ಮರಣಾಸನ್ನ ಸ್ಥಿತಿಯನ್ನು ಮುಟ್ಟಿದಳು. ರಕ್ತಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನು ವಿಪರೀತವಾಗಿ ಏರಿದ್ದುದು ಕಂಡುಬಂದಿತು. ಅದರ ಕ್ರಿಯೆಯನ್ನು ತಡೆಯುವ ಟೊಸಿಲಿಜುಮಾಬ್ ಎಂಬ ಔಷಧವು ಸಂಧಿವಾತಕ್ಕಾಗಿ ಆಗಲೇ ಬಳಕೆಯಲ್ಲಿತ್ತು. ವೈದ್ಯರು ಅದನ್ನೇ ಕೊಟ್ಟರು. ಬಾಲಿಕೆ ಚೇತರಿಸಿಕೊಂಡಳು, ಅಸ್ಥಿಮಜ್ಜೆಯಲ್ಲಿ ಕ್ಯಾನ್ಸರೂ ಉಳಿದಿರಲಿಲ್ಲ. ಒಲೆಯನ್ನು ಆರಿಸದೆಯೇ ಉರಿಯನ್ನು ತಗ್ಗಿಸಬಹುದೆಂಬುದು ಹೀಗೆ ತಿಳಿದುಬಂದಿತು. 2017ರಲ್ಲಿ ಅಮೆರಿಕ ಸರ್ಕಾರದ ಔಷಧ ನಿಯಂತ್ರಣ ಇಲಾಖೆಯು ಮೊದಲ ಕಾರ್-ಟಿ ಚಿಕಿತ್ಸೆಗೂ ಈ ಶಮನೌಷಧಕ್ಕೂ ಒಂದೇ ದಿನ ಅನುಮತಿ ನೀಡಿತು.

ಇದಕ್ಕೆ ಕಾರಣವು 2018ರಲ್ಲಿ ಸ್ಪಷ್ಟವಾಯಿತು. ಮಿಲಾನ್ ಮತ್ತು ನ್ಯೂಯಾರ್ಕುಗಳ ಎರಡು ತಂಡಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಇಂಟರ್‌ಲ್ಯೂಕಿನ್-6ನ್ನು ಮುಖ್ಯವಾಗಿ ಸ್ರವಿಸುವುವು ಮಾರ್ಪಡಿಸಿದ ಟಿ-ಕೋಶಗಳಲ್ಲ. ಅವುಗಳಿಂದ ಉದ್ರೇಕಗೊಂಡ ಮಾನೊಸೈಟ್, ಮ್ಯಾಕ್ರೊಫೇಜ್ ಎಂಬ ಬೇರೆ ಬಗೆಯ ಕೋಶಗಳು ಎಂದು ತಿಳಿಯಿತು. ಆದಕಾರಣವೇ ಅದರ ಕ್ರಿಯೆಯನ್ನು ತಡೆದರೂ ಟಿ-ಕೋಶಗಳ ಕಾರ್ಯ ಕೆಡುವುದಿಲ್ಲ. ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಾಕಿನ್ರಾ ಎಂಬ ಔಷಧವು ಇಲಿಗಳಲ್ಲಿ ಮಿದುಳಿನ ಬಾಧೆಯನ್ನೂ ನಿವಾರಿಸಿತು. ಟೊಸಿಲಿಜುಮಾಬ್ ರಕ್ತದಿಂದ ಮಿದುಳಿಗೆ ಸರಾಗವಾಗಿ ಸೇರದಾದ್ದರಿಂದ ಈ ಫಲಿತಾಂಶವು ಗಮನಾರ್ಹವಾದುದು.

ಉರಿ ಎದ್ದ ಮೇಲೆ ತಗ್ಗಿಸುವುದಕ್ಕಿಂತ ಅದು ಏಳದಂತೆ ನೋಡಿಕೊಳ್ಳುವುದು ಲೇಸಲ್ಲವೆ? ಲಂಡನ್ನಿನಲ್ಲಿ ಗ್ರಾಹಕದ ಹಿಡಿತವನ್ನೇ ಸಡಿಲಗೊಳಿಸಿ, ಟಿ-ಕೋಶವು ವೈರಿಯನ್ನು ಹಿಡಿದು ಬೇಗನೆ ಬಿಡುವಂತೆ ಮಾಡಿದ್ದಾರೆ. ಈ ಬಗೆಯ ಚಿಕಿತ್ಸೆಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬಾರ್ಸಿಲೋನಾದ ವೈದ್ಯರು ಕೋಶಗಳನ್ನು ಒಮ್ಮೆಗೇ ಕೊಡದೆ, ಮೊದಲು ಅಲ್ಪಭಾಗವನ್ನು ಕೊಟ್ಟು, ರೋಗಿಯ ಸ್ಥಿತಿಯನ್ನು ನೋಡಿಕೊಂಡು ಉಳಿದುದನ್ನು ಕೊಡುವ ಕ್ರಮವನ್ನು ಅನುಸರಿಸಿದರು. ಅಲ್ಲಿ ರೂಪುಗೊಂಡ ಚಿಕಿತ್ಸೆಯೇ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಸಿದ್ಧವಾಗಿ 2025ರಲ್ಲಿ ನಮ್ಮ ದೇಶದ ರೋಗಿಗಳ ಬಳಕೆಗೆ ಬಂದಿತು. ಇದಕ್ಕೆ ಮುನ್ನ, 2023ರಲ್ಲಿ, ಮುಂಬಯಿಯ ಐಐಟಿ ಹಾಗೂ ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಕಾರದಿಂದ ರೂಪುಗೊಂಡ ಚಿಕಿತ್ಸೆಗೆ ಭಾರತದಲ್ಲಿ ಅನುಮತಿ ದೊರೆತಿತ್ತು.

ಮಿದುಳಿನ ಬಾಧೆಗೆ ಇಂದಿಗೂ ಮುಖ್ಯವಾಗಿ ಸ್ಟೀರಾಯ್ಡುಗಳನ್ನೇ ಆಶ್ರಯಿಸಬೇಕಾಗಿದೆ. ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಸಾಕಷ್ಟು ಉಳಿದಿದೆ.