ಶಬ್ದದ ಅಚ್ಚಿನಲ್ಲಿ ಜೀವಕೋಶಗಳು

ಅಕ್ಕಸಾಲಿಗರ, ಗಡಿಯಾರ ದುರಸ್ತಿಗಾರರ ಮತ್ತು ಕನ್ನಡಕದ ವ್ಯಾಪಾರಿಗಳ ಮೇಜಿನ ಮೇಲೆ ಅಲ್ಟ್ರಾಸಾನಿಕ್ ಕ್ಲೀನರ್ ಎಂಬ ಪುಟ್ಟ ತೊಟ್ಟಿ ಹೊಸದೇನಲ್ಲ. ಕಿವಿಗೆ ಕೇಳಿಸದ ಶಬ್ದವನ್ನು ನೀರಿನಲ್ಲಿ ಹಾಯಿಸಿ ಕೊಳೆಯನ್ನು ಬಿಡಿಸುವುದು ಅದರ ಕೆಲಸ. ಅದೇ ಜಾತಿಯ ಶಬ್ದದಿಂದ ಮಾನವ ಜೀವಕೋಶಗಳನ್ನು ಸಾಲಾಗಿ ನಿಲ್ಲಿಸಿ ಅಂಗಾಂಶವನ್ನು ಬೆಳೆಸುವ ವಿಧಾನವನ್ನು ವಿಜ್ಞಾನಿಗಳು ರೂಪಿಸಿದ್ದಾರೆ.

ಕೋಶಗಳನ್ನು ಬೆಳೆಸುವುದು ಇಂದು ದೊಡ್ಡ ಸಂಗತಿಯಲ್ಲ. ಅವುಗಳಿಗೆ ಆಹಾರ ಮುಟ್ಟಿಸುವುದೇ ಕಷ್ಟ. ಶರೀರದಲ್ಲಿ ಬಹುತೇಕ ಕೋಶಗಳು ಸೂಕ್ಷ್ಮ ರಕ್ತನಾಳವೊಂದರಿಂದ 0.2 ಮಿ.ಮೀ.ಗಿಂತ ದೂರದಲ್ಲಿರುವುದಿಲ್ಲ. ಕೃತಕ ಅಂಗಾಂಶವು ದಪ್ಪವಾದಂತೆ ಒಳಗಿನ ಕೋಶಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ತೆಳುವಾದ ಕೃತಕ ಚರ್ಮ ಮಾರುಕಟ್ಟೆಗೆ ಬಂದು ವರ್ಷಗಳೇ ಕಳೆದರೂ ಯಕೃತ್ತು, ಹೃದಯಗಳು ಬಾರದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಯೇನ್ ಡಲೆಕಿ ಮತ್ತು ಡೆನಿಸ್ ಹಾಕಿಂಗ್ ಅವರ ತಂಡವು ಈ ತೊಡಕನ್ನೇ ಕೈಗೆತ್ತಿಕೊಂಡಿತು. 2010-11ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ, ರಕ್ತನಾಳದ ಒಳಪದರದ ಕೋಶಗಳನ್ನು ಇನ್ನೂ ಗಟ್ಟಿಯಾಗದ ಕೊಲಾಜೆನ್ ದ್ರಾವಣದಲ್ಲಿ ಬೆರೆಸಿ, ಕೆಳಗಿನಿಂದ 1 ಮೆಗಾಹರ್ಟ್ಸ್ ಶಬ್ದವನ್ನು ಹಾಯಿಸಲಾಯಿತು. ಏರಿ ಹೋಗುವ ತರಂಗವೂ ಪ್ರತಿಫಲಿಸಿ ಮರಳುವ ತರಂಗವೂ ಕೂಡಿದಾಗ ಒತ್ತಡವು ಏರಿಳಿಯದ ತಾಣಗಳು ಏರ್ಪಡುತ್ತವೆ. ಕೋಶಗಳು ಅಲ್ಲಿಗೆ ಸರಿದು ಪದರಗಳಾಗಿ ನಿಲ್ಲುತ್ತವೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಆದುದರಿಂದ ಪದರಗಳ ನಡುವಣ ಅಂತರ ಸುಮಾರು 0.75 ಮಿ.ಮೀ. ಆವರ್ತನವನ್ನು ಇಮ್ಮಡಿಗೊಳಿಸಿದರೆ ಅಂತರ ಅರ್ಧಕ್ಕಿಳಿಯುತ್ತದೆ. ಅಚ್ಚನ್ನು ಬದಲಿಸಲು ಗುಂಡಿ ತಿರುಗಿಸಿದರೆ ಸಾಕು! ಹಾಲು ಹೆಪ್ಪುಗಟ್ಟಿ ಮೊಸರಾಗುವಂತೆ ಕೊಲಾಜೆನ್ ಗಟ್ಟಿಯಾದ ಬಳಿಕ ಶಬ್ದವನ್ನು ನಿಲ್ಲಿಸಿದರೂ ಕೋಶಗಳು ಕದಲುವುದಿಲ್ಲ. ಹತ್ತು ದಿನಗಳೊಳಗೆ ಆ ಪದರಗಳಿಂದ ಕವಲೊಡೆದ ನಾಳಗಳ ಜಾಲ ಹಬ್ಬಿತು.

ಬ್ರಿಟನ್ನಿನ ಇಂಪೀರಿಯಲ್ ಕಾಲೇಜು ಮತ್ತು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದೇ ತತ್ತ್ವದಿಂದ ಸ್ನಾಯುಕೋಶಗಳನ್ನು ಒಂದೇ ದಿಕ್ಕಿಗೆ ಸಾಲುಗೊಳಿಸಿದರು.

ಯಂತ್ರದ ಒಡಲು ಉದ್ಯಮಿಗಳಿಗೆ ಅಪರಿಚಿತವಾದುದಲ್ಲ: ಪೀಜೋ ಸಿರಾಮಿಕ್ ಬಿಲ್ಲೆ, ಸಿಗ್ನಲ್ ಜನರೇಟರ್, ಆಂಪ್ಲಿಫೈಯರ್, ಒಂದು ಪಾತ್ರೆ. ಹನಿಹನಿಯಾಗಿ ಕೋಶಗಳನ್ನು ಇಡುವ ಬಯೋಪ್ರಿಂಟರ್‌ಗಿಂತ ಇದು ಸರಳ. ಆದರೆ ಸರಳತೆಯನ್ನು ಕಂಡು ಮೋಸಹೋಗಬಾರದು. ಶಬ್ದದ ಬಲ ಹೆಚ್ಚಾದರೆ ದ್ರವ ಬಿಸಿಯಾಗಿ ಕೋಶಗಳು ಸಾಯುತ್ತವೆ. ಒಂದು ಗಾಳಿಗುಳ್ಳೆ ಸಿಲುಕಿದರೂ ವಿನ್ಯಾಸ ಕೆಡುತ್ತದೆ. ಇನ್ನು ಭಾರತದಲ್ಲಿ ಆಕರಕೋಶಗಳಿಂದ ತಯಾರಿಸಿದ ಔಷಧಗಳನ್ನು 2019ರ ನಿಯಮಗಳು ಹೊಸ ಔಷಧವೆಂದೇ ಪರಿಗಣಿಸುತ್ತವೆ. ಅಲ್ಲಿ ಚಿಕ್ಕ ಬಂಡವಾಳಕ್ಕೆ ಎಡೆಯಿಲ್ಲ. ಸ್ವಿಟ್ಜರ್ಲೆಂಡಿನ ಮಿಮಿಕ್ಸ್ ಬಯೋಥೆರಪ್ಯೂಟಿಕ್ಸ್ ಎಂಬ ಸಂಸ್ಥೆ ಅಂಗಾಂಶವನ್ನಲ್ಲ, ಶಬ್ದದಿಂದ ಕೋಶಗಳನ್ನು ಜೋಡಿಸುವ ಉಪಕರಣವನ್ನೇ ಮೊದಲು ಸಂಶೋಧಕರ ಮುಂದಿಟ್ಟಿತು.