ಹೊಂಗೆ ನೆರಳಿನ ಕಾರುಗಳು

ಏಪ್ರಿಲ್ ಬಂತೆಂದರೆ ಮೈಸೂರಿನ ಸಿದ್ಧಾರ್ಥನಗರದ ಅಡ್ಡರಸ್ತೆಗಳಲ್ಲಿ ಹೊಂಗೆ ಹೂ ಸುರಿಯುತ್ತದೆ. ನಸುನೇರಳೆ ಬೆರೆತ ಬಿಳಿ ಎಸಳುಗಳು ರಾತ್ರಿಯೆಲ್ಲ ಉದುರಿ, ನಿಂತ ಕಾರುಗಳ ಗಾಜಿನ ಬುಡದಲ್ಲಿ ತೆಳ್ಳಗೆ ಸಾಲುಗಟ್ಟಿರುತ್ತವೆ. ಆ ಹೂವನ್ನು ಗುಡಿಸುವವರು ಯಾರು, ಆಮೇಲೆ ಮೊದಲು ತೆರೆಯುವ ಬಾಗಿಲು ಯಾವುದು ಎಂದು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇನೆ.

ಕಿರಿದಾದ ಗೇಟಿನೊಳಗೆ ಒಂದು ಮಾರುತಿ 800. ಬಣ್ಣ ಮಾಸಿದ ಗಿಳಿಹಸಿರು. ನಿವೃತ್ತರಾದ ಯಜಮಾನರು ಹೊದಿಕೆಯನ್ನು ಹಿಂದಿನಿಂದ ಮುಂದಕ್ಕೆ ಮಡಚುತ್ತಾರೆ, ಹೂ ಚೆಲ್ಲದಂತೆ, ನಿಧಾನವಾಗಿ. ತೆರೆಯುವುದು ಬಲಗಡೆಯ ಮುಂಬಾಗಿಲು. 1983ರಲ್ಲಿ ಬಂದ ಈ ಕಾರು, ತಾನೇ ಓಡಿಸಿಕೊಂಡು ಹೋಗುವ ಸಂಬಳದ ಕುಟುಂಬಗಳಿಗೆ ಹಾಗೆಯೇ ಒಗ್ಗಿತು.

ಜಿಲ್ಲಾಧಿಕಾರಿ ಕಚೇರಿಯ ಕಡೆಗೆ ಹೊರಡುವ ಬಿಳಿ ಕಾರಿನ ನಡತೆಯೇ ಬೇರೆ. ಅಲ್ಲಿ ಹೂ ಗುಡಿಸುವವರು ಡ್ರೈವರ್. ಸೀಟಿಗೆ ಹಾಸಿದ ಬಿಳಿ ಟರ್ಕಿ ಟವೆಲ್ಲಿನ ಸುಕ್ಕನ್ನು ಅಂಗೈಯಿಂದ ಎರಡು ಸಲ ನೀವುತ್ತಾರೆ. ತೆರೆಯುವುದು ಎಡಗಡೆಯ ಹಿಂಬಾಗಿಲು. ಹಿಂದೆ ಈ ಜಾಗದಲ್ಲಿ ಅಂಬಾಸಿಡರ್ ಇತ್ತು. ಮಾರಿಸ್ ಆಕ್ಸ್‌ಫರ್ಡ್‌ ಮಾದರಿಯಿಂದ ಹುಟ್ಟಿ, 2014ರವರೆಗೂ ತಯಾರಾದ ಆ ಕಾರಿನ ಹಿಂದಿನ ಸೀಟು ದಿವಾನದಷ್ಟು ಅಗಲ. ಹಿಂದೆ ಕೂರುವವರಿಗೆ ಹಿಂದಿನ ಸೀಟೇ ಕಾರು. ಈಗ ಆ ಜಾಗಕ್ಕೆ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಬಂದಿದೆ.

ಅದೇ ಇನ್ನೋವಾ ಹಳದಿ ಬೋರ್ಡ್ ಹೊತ್ತು ಚಾಮುಂಡಿ ಬೆಟ್ಟದ ದಾರಿ ಹಿಡಿದರೆ ಚಹರೆಯೇ ಬದಲು. ಮೇಲೆ ಕ್ಯಾರಿಯರ್, ಒಳಗೆ ಚಾಮುಂಡಿಯ ಪಟ, ಬಂಪರಿಗೆ ಬಾಡಿದ ನಿಂಬೆಹಣ್ಣು. ನಿಂತ ಕೂಡಲೇ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ಮಾಡೆಲ್ ಒಂದೇ, ಬದುಕು ಎರಡು.

ಟೆರೇಶಿಯನ್ ಕಾಲೇಜಿನ ಕಡೆ ಸಂಜೆ ಕಾಣುವ ಥಾರ್‌ಗಳು ಕಡುಗಪ್ಪು ಇಲ್ಲವೇ ಇಟ್ಟಿಗೆಗೆಂಪು. ಹುಡುಗರು ಅದರಿಂದ ಇಳಿಯುವುದಿಲ್ಲ, ಜಿಗಿಯುತ್ತಾರೆ. ಎತ್ತರದಲ್ಲಿ ಕೂತು ರಸ್ತೆ ನೋಡುವ ಆಸೆ, ನಾಲ್ಕು ಜನ ತಮ್ಮನ್ನು ನೋಡಲಿ ಎಂಬ ಆಸೆ, ಎರಡೂ ಆ ಜಿಗಿತದಲ್ಲಿವೆ. ಆ ಆಸೆ ನನಗೆ ಸಹಜವಾಗಿಯೇ ಕಾಣುತ್ತದೆ.

ನಾನು ಹೆಚ್ಚು ಹೊತ್ತು ನೋಡಿದ್ದು ಮಂಡಿನೋವಿನ ಒಬ್ಬ ಅಜ್ಜಿಯನ್ನು. ತಗ್ಗಿನ ಕಾರಿಗೆ ಬೆನ್ನು ಮಾಡಿ ನಿಂತು, ಬಾಗಿಲ ಅಂಚು ಹಿಡಿದು, ಕುಸಿದಂತೆ ಕೂತು, ಆಮೇಲೆ ನೆರಿಗೆ ಎತ್ತಿ ಒಂದೊಂದೇ ಕಾಲನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಮನೆಯವರು ಕಾರು ಕೊಳ್ಳಲು ನೋಡುವಾಗ ಥಾರ್‌ನ ಮೆಟ್ಟಿಲಿಗೆ ಕಾಲು ಏರಲೇ ಇಲ್ಲ. ವ್ಯಾಗನ್-ಆರ್‌ನ ಸೀಟು ಸೊಂಟಕ್ಕಿಂತ ತುಸು ಕೆಳಗೆ, ಕುರ್ಚಿಯ ಎತ್ತರಕ್ಕೇ ಸಿಕ್ಕಿತು; ಪಕ್ಕಕ್ಕೆ ಸರಿದು ಸುಮ್ಮನೆ ಕೂತರು. ಮೊಮ್ಮಗ ಥಾರ್ ಬೇಕೆಂದರೂ ಆ ಮನೆಯವರು ಕೊಂಡದ್ದು ವ್ಯಾಗನ್-ಆರ್.